ಡಿಸ್ಕ್ ಡ್ರೈವರ್‌ನಲ್ಲಿ ಕ್ಯೂ ನಿಲ್ಲಿಸೋದು, ಮತ್ತೆ ಬಿಡೋದು

ಲಿನಕ್ಸ್ ಬ್ಲಾಕ್ ಡ್ರೈವರ್‌ನಲ್ಲಿ ರಿಕ್ವೆಸ್ಟ್ ಕ್ಯೂ (ಡಿಸ್ಕ್‌ಗೆ ಹೋಗುವ ಓದು-ಬರಹದ ಕೋರಿಕೆಗಳ ಸಾಲು) ನಿಲ್ಲಿಸಲು ಎರಡು ದಾರಿ ಇವೆ, ಫ್ರೀಜ್ ಮತ್ತು ಕ್ವಿಯೆಸ್. ಎರಡೂ ಒಂದೇ ಅಂದುಕೊಂಡು ಬರೆದ ಕೋಡ್ ಸುಮ್ನೆ ಇದ್ದಾಗ ಚೆನ್ನಾಗಿಯೇ ಓಡುತ್ತದೆ, ಲೋಡ್ ಬಿದ್ದ ದಿನ ಹ್ಯಾಂಗ್ ಆಗುತ್ತದೆ.

ಕಲಬುರಗಿಯವರು ದಾಲ್ ಮಿಲ್ ನೋಡೇ ಇರುತ್ತೀರಿ, ಅಲ್ವಾ? ಫ್ರೀಜ್ ಅಂದರೆ ಮಿಲ್ಲಿನ ಗೇಟ್ ಹಾಕುವುದು. ಹೊಸ ತೊಗರಿ ಲಾರಿ ಹೊರಗೇ ನಿಲ್ಲುತ್ತದೆ, ಒಳಗೆ ಬಂದ ಚೀಲವೆಲ್ಲ ಬೇಳೆಯಾಗುವ ತನಕ ನೀವು ಕಾಯುತ್ತೀರಿ. ಕ್ವಿಯೆಸ್‌ನಲ್ಲಿ ಗೇಟ್ ತೆರೆದೇ ಇರುತ್ತದೆ, ಮೆಷಿನ್‌ಗೆ ಸುರಿಯುವುದು ಮಾತ್ರ ನಿಲ್ಲುತ್ತದೆ. ಚೀಲ ಅಂಗಳದಲ್ಲಿ ಸೇರುತ್ತಾ ಹೋಗುತ್ತವೆ, ಆಗಲೇ ಮೆಷಿನ್‌ಗೆ ಬಿದ್ದದ್ದು ಮುಗಿಯಲಿ ಅಂತ ನೀವು ಕಾಯುವುದಿಲ್ಲ.

ಶೆಡ್ಯೂಲರ್ (ಯಾವ ರಿಕ್ವೆಸ್ಟ್ ಮೊದಲು ಅಂತ ತೀರ್ಮಾನಿಸುವ ಭಾಗ) ಬದಲಿಸಬೇಕು, ಹಾರ್ಡ್‌ವೇರ್ ಕ್ಯೂಗಳ ಸಂಖ್ಯೆ ಬದಲಿಸಬೇಕು ಅಂದರೆ ಫ್ರೀಜ್. ಡಿವೈಸ್ ಉತ್ತರವನ್ನೇ ಕೊಡುತ್ತಿಲ್ಲ, ಕಂಟ್ರೋಲರ್ ರೀಸೆಟ್ ಮಾಡಬೇಕು ಅಂದರೆ ಮೊದಲು ಕ್ವಿಯೆಸ್. ಸತ್ತ ಡಿವೈಸ್ ಮೇಲೆ ಫ್ರೀಜ್ ಮುಗಿಯಲಿ ಅಂತ ಕಾದರೆ ಅದು ಮುಗಿಯುವುದೇ ಇಲ್ಲ.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾದದ್ದು ಕ್ರಮಕ್ಕೆ. ಕ್ವಿಯೆಸ್ ಮಾಡಿಟ್ಟು ಫ್ರೀಜ್ ಮುಗಿಯಲು ಕಾಯಬೇಡಿ: ಮೆಷಿನ್ ನಿಲ್ಲಿಸಿ ಅಂಗಳ ಖಾಲಿಯಾಗಲಿ ಅಂದರೆ ಹೇಗೆ ಆಗುತ್ತದೆ? ಅದಕ್ಕೇ ಫ್ರೀಜ್ ಶುರು ಮಾಡುವುದು ಬೇರೆ ಕರೆ, ಕಾಯುವುದು ಬೇರೆ ಕರೆ. ಎನ್‌ವಿಎಂಇ (ವೇಗದ ಎಸ್‌ಎಸ್‌ಡಿಗಳ) ಡ್ರೈವರ್‌ನ ರೀಸೆಟ್ ದಾರಿ ಓದಿ, ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಫ್ರೀಜ್ ಶುರು ಮಾಡಿ, ಕ್ವಿಯೆಸ್ ಮಾಡಿ, ಡಿವೈಸ್ ಬಂದ್ ಮಾಡಿ, ಅದರ ಹತ್ತಿರ ಸಿಕ್ಕಿಕೊಂಡ ರಿಕ್ವೆಸ್ಟ್‌ಗಳನ್ನು ರದ್ದು ಮಾಡುತ್ತಾರೆ. ಡಿವೈಸ್ ಮತ್ತೆ ಎದ್ದ ಮೇಲೆ ಕ್ವಿಯೆಸ್ ತೆಗೆದು, ಆಮೇಲಷ್ಟೇ ಫ್ರೀಜ್ ಮುಗಿಯಲು ಕಾದು, ಕ್ಯೂ ಸಂಖ್ಯೆ ಸರಿಮಾಡಿ, ಕೊನೆಗೆ ಗೇಟ್ ತೆಗೆಯುತ್ತಾರೆ.

ಕಾಯುವ ಕರೆಗಳೆಲ್ಲ ನಿದ್ದೆಗೆ ಹೋಗುತ್ತವೆ. ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಾಗಲಿ, ಸ್ಪಿನ್‌ಲಾಕ್ ಹಿಡಿದಾಗಲಿ ನಿದ್ದೆ ಮಾಡುವಂತಿಲ್ಲ, ಅಲ್ಲಿ ಅವನ್ನು ಕರೆಯಲೇಬೇಡಿ. ಟೈಮ್‌ಔಟ್ ಹ್ಯಾಂಡ್ಲರ್ (ರಿಕ್ವೆಸ್ಟ್ ಹೊತ್ತಿಗೆ ಮುಗಿಯದಿದ್ದಾಗ ಓಡುವ ಕೋಡ್) ಒಳಗೂ ಫ್ರೀಜ್‌ಗೆ ಕಾಯಬಾರದು, ಆ ಹ್ಯಾಂಡ್ಲರೇ ಕ್ಯೂವಿನ ರೆಫರೆನ್ಸ್ (ಕ್ಯೂ ಇನ್ನೂ ಬಳಕೆಯಲ್ಲಿದೆ ಎಂಬ ಗುರುತು) ಹಿಡಿದಿರುತ್ತದೆ, ತನ್ನನ್ನು ತಾನೇ ಕಾಯುತ್ತಾ ಕೂರುತ್ತದೆ. ರೀಸೆಟ್ ಕೆಲಸವನ್ನು ಬೇರೆ ವರ್ಕ್‌ಕ್ಯೂಗೆ (ಕರ್ನಲ್ ಬೇರೆಯಾಗಿ ಓಡಿಸುವ ಕೆಲಸಗಳ ಸಾಲಿಗೆ) ಹಾಕಿ.

ಫ್ರೀಜ್ ಆದಾಗ ಮಾಮೂಲಿ ರೀತಿಯಲ್ಲಿ ಮೆಮೊರಿ ಕೇಳುವುದೂ ಅಪಾಯ. ಮೆಮೊರಿ ಕಡಿಮೆ ಇದ್ದರೆ ಕರ್ನಲ್ ಹಳೆ ಪೇಜ್‌ಗಳನ್ನು ಡಿಸ್ಕ್‌ಗೆ ಬರೆಯಲು ಹೋಗುತ್ತದೆ, ಆ ಡಿಸ್ಕ್ ನೀವು ಗೇಟ್ ಹಾಕಿದ್ದೇ ಆಗಿದ್ದರೆ ಒಂದನ್ನೊಂದು ಕಾಯುತ್ತಾ ಎರಡೂ ನಿಂತವು. ಬೇಕಾದ ಮೆಮೊರಿ ಮೊದಲೇ ತೆಗೆದಿಟ್ಟುಕೊಳ್ಳಿ, ಇಲ್ಲವೇ ಐಒ ಮಾಡದ ನೋಐಒ ರೀತಿಯಲ್ಲಿ ಕೇಳಿ.

ಎಷ್ಟು ಸಲ ನಿಲ್ಲಿಸುತ್ತೀರೋ ಅಷ್ಟೇ ಸಲ ಬಿಡಬೇಕು, ಎರರ್ ಬಂದು ನಡುವೆ ಹೊರಟು ಹೋಗುವ ದಾರಿಯಲ್ಲೂ. ಕ್ವಿಯೆಸ್‌ಗೆ ಈ ಲೆಕ್ಕ ಬಂದದ್ದು 5.16 ಕರ್ನಲ್‌ನಿಂದ, ಅದಕ್ಕಿಂತ ಹಳೆಯದರಲ್ಲಿ ಒಬ್ಬರು ಬಿಟ್ಟರೆ ಎಲ್ಲರದ್ದೂ ಬಿಟ್ಟಂತೆ.

ಪರೀಕ್ಷೆಯನ್ನು ಕ್ಯೂಎಂಯೂ ಎಂಬ ವರ್ಚುವಲ್ ಮೆಷಿನ್ ಒಳಗೆ ಮಾಡಿ. ಡಿಸ್ಕ್‌ಗೆ ಲೋಡ್ ಹಾಕುವ ಎಫ್‌ಐಒ ಜೋರಾಗಿ ಓಡುತ್ತಿರುವಾಗ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳ ಫೈಲ್‌ಗಳಲ್ಲಿ) ಶೆಡ್ಯೂಲರ್ ಮತ್ತೆ ಮತ್ತೆ ಬದಲಿಸಿ, ಪ್ರತಿ ಸಲವೂ ಕ್ಯೂ ಫ್ರೀಜ್ ಆಗುತ್ತದೆ, ನಡುನಡುವೆ ರೀಸೆಟ್ ಕೂಡ ಕೊಡಿ. ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್‌ನಲ್ಲಿ) 120 ಸೆಕೆಂಡ್ ಮೀರಿ ನಿಂತ ಟಾಸ್ಕ್ ಅಂತ ಬಂದರೆ ಡಿಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಫೈಲ್‌ಗಳಲ್ಲಿ) ಆ ಡಿಸ್ಕಿನ ಸ್ಟೇಟ್ ಫೈಲ್ ತೆರೆಯಿರಿ. ಅಲ್ಲಿ ಇನ್ನೂ ಕ್ವಿಯೆಸ್ಡ್ ಅಂತಿದ್ದರೆ, ಬಿಡುವ ಕರೆ ಯಾವ ಎರರ್ ದಾರಿಯಲ್ಲಿ ತಪ್ಪಿತು ಅಂತ ಹುಡುಕಿ.