ಮುಕ್ಕಾಲಿಂಚು ಪೈಪು, ಅಪ್ಪನ ಆಂಜಿಯೋ, ನನ್ನ ಪೇಟೆಂಟು

2023ರ ಮಾರ್ಚ್‌ನಲ್ಲಿ ನನ್ನ ಹೆಸರಿಗೆ ಪೇಟೆಂಟ್ ಬಂತು, ಹಳೆ ಪೈಪಿನೊಳಗೆ ಕೇಬಲ್ ಎಳೆಯುವ ಒಂದು ಟೂಲಿಗೆ. ವಕೀಲರಿಲ್ಲ, ಏಜೆಂಟ್ ಇಲ್ಲ. ನಾನೇ ಬರೆದು ನಾನೇ ಹಾಕಿದ್ದು. "ಕೇಬಲ್ ಎಳೆಯೋನಿಗೆ ಪೇಟೆಂಟ್ ಯಾಕೋ, ಫ್ರೇಮ್ ಹಾಕಿಸಿ ಗೋಡೆಗೆ ನೇತು ಹಾಕೋಕಾ?" ಅಂತ ನಕ್ಕಿದ್ದ ಕಂಟ್ರಾಕ್ಟರ್ ಗೆಳೆಯ ಈಗ ನನ್ನ ಹತ್ತಿರವೇ ಆರು ಪೀಸ್ ಕೊಂಡಿದ್ದಾನೆ. ದುಡ್ಡು ಇನ್ನೂ ಪೂರ್ತಿ ಕೊಟ್ಟಿಲ್ಲ, ಅದು ಬೇರೆ ಮಾತು.

ತೊಂದರೆ ಏನು ಅಂತ ನಮ್ಮ ಕೆಲಸದವರಿಗೆ ಹೇಳಬೇಕಾಗಿಲ್ಲ. ರಸ್ತೆಯಲ್ಲಿ 40 ಮಿ.ಮೀ. ಡಕ್ಟ್ (ಕೇಬಲಿಗೇ ಹಾಕಿದ ಪೈಪು) ಇದ್ದರೆ ಕಂಪ್ರೆಸರ್ ತಂದು ಗಾಳಿಯಲ್ಲಿ ಕೇಬಲ್ ಊದಿಬಿಡಬಹುದು. ಇಪ್ಪತ್ತು ವರ್ಷ ಹಳೆಯ ಅಪಾರ್ಟ್‌ಮೆಂಟಿನ ಮುಕ್ಕಾಲಿಂಚು ಪೈಪಿಗೆ ಏನು ಊದುತ್ತೀರಿ? ಒಳಗೆ ಆಗಲೇ ಟಿವಿ ಕೇಬಲ್, ಫೋನ್ ವೈರು, ಗಾರೆ ಕೆಲಸದಲ್ಲಿ ಬಿದ್ದು ಗಟ್ಟಿಯಾದ ಸಿಮೆಂಟು. ನಾಲ್ಕು ಬೆಂಡು. ಕೇಬಲ್ ಎಳೆಯಲು ಬಳಸುವ ಉದ್ದನೆಯ ಉಕ್ಕಿನ ತಂತಿ, ಅಂದರೆ ನಮ್ಮ ಸ್ಪ್ರಿಂಗ್, ಒಳಗೆ ಬಿಟ್ಟರೆ ಮೂರನೇ ಬೆಂಡಿನಲ್ಲಿ ನಿಂತುಬಿಡುತ್ತದೆ. ಮನೆಯವರಿಗೆ ಫೈಬರ್ ಬೇಕು, ಆದರೆ ಗೋಡೆ ಮೇಲೆ ಕೇಬಲ್ ಕಾಣಬಾರದು.

ಮೊದಲು ಜಾರಿಸುವ ದಾರಿ ಹಿಡಿದೆ. ನಾನು ತಿಪಟೂರು ಕಡೆಯವನು, ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ. ಡಿಸೆಂಬರ್‌ನಲ್ಲಿ ಒಂದು ಮನೆಗೆ ಸಂಜೆ ಎಣ್ಣೆ ಸುರಿದು, ದಾರ ಬಿಟ್ಟು, ನಾಳೆ ಎಳೆಯೋಣ ಅಂತ ಬಂದೆ. ಬೆಳಗ್ಗೆ ಹೋದರೆ ಪೈಪಿನೊಳಗೆ ಎಣ್ಣೆ ಹೆಪ್ಪುಗಟ್ಟಿ ದಾರ ಅಲ್ಲಾಡುತ್ತಿಲ್ಲ! ಹೇರ್ ಡ್ರೈಯರ್ ಹಿಡಿದು ಒಂದು ಗಂಟೆ ಕೂತೆ. ಪಿವಿಸಿ ಕೋಟಿಂಗಿಗೂ ಎಣ್ಣೆ ಒಳ್ಳೆಯದಲ್ಲ, ಅದನ್ನು ಬಿಡಿ. ಸೋಪಿನ ನೀರು ಒಣಗಿದ ಮೇಲೆ ಅಂಟಾಗುತ್ತದೆ. ವ್ಯಾಕ್ಯೂಮ್ ಕ್ಲೀನರಿನಿಂದ ದಾರ ಎಳೆಯುವ ಉಪಾಯ ಖಾಲಿ ಪೈಪಿನಲ್ಲಿ ಚೆನ್ನಾಗಿ ಆಗುತ್ತದೆ. ವೈರಿರುವ ಪೈಪಿನಲ್ಲಿ ದಾರದ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡು ಇನ್ನೊಂದು ತಲೆನೋವು.

2019ರ ಬೇಸಿಗೆಯಲ್ಲಿ ಅಪ್ಪನಿಗೆ ಆಂಜಿಯೋಪ್ಲಾಸ್ಟಿ ಆಯಿತು. ನನ್ನನ್ನು ಗಾಜಿನ ಈಚೆ ನಿಲ್ಲಿಸಿ ಸ್ಕ್ರೀನ್ ತೋರಿಸಿದರು. ರಕ್ತನಾಳದಲ್ಲಿ ಒಂದು ತಂತಿ ಹೋಗುತ್ತಿತ್ತು. 0.014 ಇಂಚು ದಪ್ಪ, ಅಂದರೆ ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಒಂಚೂರು ಜಾಸ್ತಿ. ತುದಿ ಸ್ವಲ್ಪ ಬಾಗಿದೆ. ಕವಲು ಬಂದಲ್ಲಿ ಡಾಕ್ಟರು ನೂಕಲಿಲ್ಲ. ಹೊರಗೆ ತಂತಿಗೆ ಸಿಕ್ಕಿಸಿದ ಪುಟ್ಟ ಹಿಡಿಯನ್ನು ಎರಡು ಬೆರಳಲ್ಲಿ ಹೊರಳಿಸಿದರು. ಒಳಗೆ ತುದಿ ತಿರುಗಿ ಸರಿಯಾದ ಕವಲಿಗೆ ಜಾರಿತು. ಅಪ್ಪನ ಬ್ಲಾಕ್ ನೋಡೋದು ಬಿಟ್ಟು ನಾನು ಡಾಕ್ಟರ ಬೆರಳು ನೋಡುತ್ತಿದ್ದೆ. ತಪ್ಪೇ, ಏನು ಮಾಡೋದು.

ಅಪ್ಪ ಮನೆಗೆ ಬಂದ ವಾರವೇ ಸ್ಪ್ರಿಂಗಿನ ತುದಿ ಬಗ್ಗಿಸಿ, ಹಿಂದೆ ಹಿಡಿ ಹಾಕಿ ತಿರುಗಿಸಿದೆ. ಎರಡು ಪಾಯಿಂಟ್ (ಪಾಯಿಂಟ್ ಅಂದರೆ ಕೇಬಲ್ ತಲುಪಿಸಬೇಕಾದ ಒಂದು ಜಾಗ) ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ತುದಿ ಸಿಕ್ಕಿಕೊಂಡಿದೆ, ನಾನು ಗೊತ್ತಾಗದೆ ತಿರುಗಿಸುತ್ತಲೇ ಇದ್ದೇನೆ. ತಿರುಚಿದ್ದೆಲ್ಲ ತಂತಿಯಲ್ಲೇ ಕೂತು ಒಮ್ಮೆಗೇ ಬಿಚ್ಚಿಕೊಂಡಿತು. ಒಳಗಿನ ಟಿವಿ ಕೇಬಲನ್ನು ಸುತ್ತಿ ಗಂಟು ಹಾಕಿತು. ಅಡುಗೆಮನೆ ಗೋಡೆ ಒಡೆದು ಟೈಲ್ಸ್ ಹಾಕಿಸಿಕೊಡಬೇಕಾಯಿತು. ಹನ್ನೊಂದು ಸಾವಿರ ಕೈಬಿಟ್ಟಿತು.

ಹಾಗಾಗಿ ಹಿಡಿಗೂ ತಂತಿಗೂ ನಡುವೆ ಒಂದು ಕ್ಲಚ್ ಬೇಕು ಅನ್ನಿಸಿತು. ಬಿಗಿ ಮಿತಿ ಮೀರಿದರೆ ಅದು ಜಾರಬೇಕು. ಮೊದಲು ಬ್ಯಾಟರಿ ಡ್ರಿಲ್ಲಿನ ಕ್ಲಚ್ಚನ್ನೇ ನೋಡಿದೆ, 1ಕ್ಕೆ ಇಟ್ಟರೂ ಅದು ಜೋರು. ಪೀಣ್ಯದ ಲೇತ್ ಯಜಮಾನರೊಬ್ಬರು ಸಣ್ಣ ಗುಂಡು, ಸಣ್ಣ ಸ್ಪ್ರಿಂಗ್ ಇಟ್ಟು ಮಾಡಿಕೊಟ್ಟರು. ಒಂಬತ್ತು ಸಲ ಬದಲಾಯಿಸಿದೆವು. ಐದನೇ ಸಲಕ್ಕೇ ಅವರು "ಇನ್ನು ಬರಬೇಡಿ ಸ್ವಾಮಿ" ಅಂದಿದ್ದರು. ಒಂಬತ್ತನೆಯದು "ಟಕ್" ಅಂತ ಜಾರಿತು. ತುದಿ ಎಲ್ಲಿ ಸಿಕ್ಕಿದೆ ಅಂತ ಕೈಗೇ ಗೊತ್ತಾಗುತ್ತದೆ. ಎರಡು ಹೆಜ್ಜೆ ಹಿಂದೆ ತಗೊಂಡು ಹೊರಳಿಸಿದರೆ ಮುಂದೆ ಹೋಗುತ್ತದೆ. ಒಂದೇ ಕಟ್ಟಡದಲ್ಲಿ ಸುಮಾರು 60 ಪಾಯಿಂಟ್. ಹಳೆ ಸ್ಪ್ರಿಂಗಿನಲ್ಲಿ 35–40 ಆಗಿತ್ತು, ಇದರಲ್ಲಿ ನಾಲ್ಕೈದು ಬಿಟ್ಟು ಎಲ್ಲವೂ ಆಯಿತು. ಟಿವಿ, ಫೋನ್ ಪೈಪಿಗೆ ಮಾತ್ರ ಇದು. ಕರೆಂಟಿನ ಪೈಪಿಗೆ ಉಕ್ಕಿನ ತಂತಿ ಹಾಕಬೇಡಿ.

ಈಗ ಪೇಟೆಂಟ್ ವಿಷಯ. ಏಜೆಂಟೊಬ್ಬರು ಡ್ರಾಯಿಂಗ್ ಬಿಟ್ಟು ನಲವತ್ತು ಸಾವಿರ ಕೇಳಿದರು. ನಾನೇ ಮಾಡಿದರೆ ಆನ್‌ಲೈನ್ ಅರ್ಜಿಗೆ 1,600, ಪರೀಕ್ಷೆಗೆ 4,000, ಬೇಗ ಪ್ರಕಟ ಮಾಡಿಸಲು 2,500. ಒಬ್ಬ ವ್ಯಕ್ತಿಯ ಹೆಸರಲ್ಲಿ ಹಾಕಿದರೆ ಈ ರೇಟು. ಡಿಜಿಟಲ್ ಸಿಗ್ನೇಚರ್ ಬೇರೆ. ನಮ್ಮ ರಾಜ್ಯದ್ದೆಲ್ಲ ಚೆನ್ನೈ ಕಚೇರಿಗೆ ಹೋಗುತ್ತದೆ. 2019ರ ನವೆಂಬರ್‌ನಲ್ಲಿ ಪ್ರಾವಿಷನಲ್ ಹಾಕಿದೆ, ಅಂದರೆ ತಾರೀಕು ಹಿಡಿದಿಡುವ ಮೊದಲ ಅರ್ಜಿ. ಪೂರ್ತಿಯದಕ್ಕೆ 12 ತಿಂಗಳು ಟೈಮ್.

ಹಳೆ ಪೇಟೆಂಟ್ ಹುಡುಕುವಾಗ ಕೇಬಲ್ ಅಂತ ಟೈಪ್ ಮಾಡುತ್ತಾ ಕೂರಬೇಡಿ, ಮುಗಿಯಲ್ಲ. ಪೇಟೆಂಟುಗಳನ್ನು ವಿಂಗಡಿಸುವ ವರ್ಗದ ನಂಬರ್ ಹಿಡಿಯಿರಿ. ಪೈಪಿನಲ್ಲಿ ಕೇಬಲ್ ಹಾಕುವ ಸಾಧನಗಳು ಹೆಚ್ಚಾಗಿ ಎಚ್02ಜಿ 1/08 ಅಡಿಯಲ್ಲಿವೆ. ಗಾಳಿಯಲ್ಲಿ ಫೈಬರ್ ಊದುವುದನ್ನು ಬ್ರಿಟಿಷ್ ಟೆಲಿಕಾಂನವರು 1980ರ ದಶಕದ ಶುರುವಿನಲ್ಲೇ ಪೇಟೆಂಟ್ ಮಾಡಿಸಿದ್ದರು. ನಾವು ಹುಟ್ಟಿದ ಕಾಲದ ಆ ಕಾಗದ ಓದುತ್ತಾ ಎಷ್ಟು ರಾತ್ರಿ ಕಳೆದೆನೋ ಲೆಕ್ಕವಿಲ್ಲ. ಕೆಲಸಕ್ಕೆ ಬರಲಿಲ್ಲ, ಆದರೆ ಖುಷಿಯಾಯಿತು.

ದೊಡ್ಡ ಎಡವಟ್ಟು ಇಲ್ಲೇ ಆಗಿದ್ದು. ಸ್ಪೆಸಿಫಿಕೇಶನ್, ಅಂದರೆ ಅರ್ಜಿಯಲ್ಲಿ ಕೊಡುವ ಟೂಲಿನ ವಿವರಣೆ, ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ನಾನು ಓದಿದ್ದು ಐಟಿಐ. ಕನ್ನಡದಲ್ಲಿ ಬರೆದೆ, ಅಕ್ಕನ ಮಗಳು ಇಂಗ್ಲಿಷಿಗೆ ಮಾಡಿದಳು. ನಾನು ಬರೆದದ್ದು "ತಂತಿ". ಅವಳು ಬರೆದದ್ದು "ಸ್ಟೀಲ್ ವೈರ್". ನನಗೂ ಸರಿ ಅನ್ನಿಸಿತು, ತಂತಿ ಉಕ್ಕಿನದೇ ಅಲ್ವಾ. ಲಾಕ್‌ಡೌನ್‌ನಲ್ಲಿ ಸುಮ್ನೆ ಕೂತಿದ್ದಾಗ ಫೈಬರ್‌ಗ್ಲಾಸ್ ರಾಡ್ ಹಾಕಿ ಇನ್ನೊಂದು ಮಾಡಿದೆ. ನಮ್ಮ ಹುಡುಗ ಖುಷಿಯಲ್ಲಿ ಅದರ ವಿಡಿಯೋ ಯೂಟ್ಯೂಬಿಗೆ ಹಾಕಿದ. "ಅಣ್ಣಾ, ಎರಡು ಸಾವಿರ ವ್ಯೂಸ್!" ಅಂತ ಫೋನ್ ಬೇರೆ. ನವೆಂಬರ್‌ನಲ್ಲಿ ಪೂರ್ತಿ ಅರ್ಜಿಗೆ ಕೂತಾಗ ಪರಿಚಯದ ಏಜೆಂಟೊಬ್ಬರು ಕಾಫಿ ಕುಡಿಯುತ್ತಾ ಹೇಳಿದರು: ಗ್ಲಾಸ್ ರಾಡ್ ಪ್ರಾವಿಷನಲ್‌ನಲ್ಲಿ ಇಲ್ಲ, ಆದ್ದರಿಂದ ಅದಕ್ಕೆ ಹಳೆ ತಾರೀಕು ಸಿಗಲ್ಲ. ಹೊಸ ತಾರೀಕಿಗೆ, ಮುಂಚೆಯೇ ಜನ ನೋಡಿಬಿಟ್ಟ ನಿಮ್ಮ ವಿಡಿಯೋವೇ ನಿಮಗೆ ಅಡ್ಡ. ಆ ಕಾಫಿಯ ಬಿಲ್ಲು ನಾನೇ ಕೊಟ್ಟೆ.

ಒಟ್ಟು 14 ಕ್ಲೇಮ್ (ಇದು ನನ್ನದು ಅಂತ ಹಕ್ಕು ಕೇಳುವ ಅಂಶ) ಬರೆದಿದ್ದೆ. ಹತ್ತರ ಮೇಲೆ ಒಂದೊಂದಕ್ಕೂ 320 ರೂಪಾಯಿ. ಅದರಲ್ಲಿ ಅಳಿಯನ ಒತ್ತಾಯಕ್ಕೆ ಸೇರಿಸಿದ ಮೊಬೈಲ್ ಆ್ಯಪ್ ಎರಡು ಕ್ಲೇಮ್ ತಿಂದಿತ್ತು. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಇಲ್ಲ ಅಂತ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ತೋರಿಸಿ ಅದನ್ನು ಹೊಡೆದುಹಾಕಿದರು.

ಪರೀಕ್ಷೆಯ ವರದಿ 2021ರಲ್ಲಿ ಬಂತು. ನನಗಿಂತ ಮುಂಚಿನವು ಅಂತ ಮೂರು ಪೇಟೆಂಟ್ ತೋರಿಸಿದ್ದರು. ಎರಡು ಕೇಬಲಿನವು. ಮೂರನೆಯದು ನೋಡಿ ನಗು ಬಂತು: ರಕ್ತನಾಳದ ತಂತಿ ತಿರುಗಿಸುವ ಹಿಡಿ! ಅಪ್ಪನ ಎದೆಯಲ್ಲಿ ಕಂಡದ್ದೇ ನನ್ನ ವಿರುದ್ಧ ಸಾಕ್ಷಿಗೆ ಬಂದಿತ್ತು. ಜೊತೆಗೆ 3(ಎಫ್): ಗೊತ್ತಿರುವ ಸಾಮಾನುಗಳನ್ನು ಸುಮ್ನೆ ಜೋಡಿಸಿದರೆ ಅದು ಆವಿಷ್ಕಾರವಲ್ಲ.

ಉಳಿಸಿದ್ದು ನನ್ನ 200 ಪುಟದ ನೋಟ್‌ಬುಕ್. ಬೆಂಡೆಷ್ಟು, ನಿಮಿಷ ಎಷ್ಟು, ಎಲ್ಲಿ ಸಿಕ್ಕಿತು ಅಂತ ಕೆಲಸದ ದಿನವೇ ಬರೆದಿಡುತ್ತಿದ್ದೆ. ಬಾಗಿದ ತುದಿ ಮಾತ್ರ ಇದ್ದಾಗ ಎಷ್ಟು, ಕ್ಲಚ್ ಮಾತ್ರ ಇದ್ದಾಗ ಎಷ್ಟು, ಎರಡೂ ಇದ್ದಾಗ ಎಷ್ಟು, ಅಂತ ಮೂರು ಕಾಲಂ ಮಾಡಿ ಕಳಿಸಿದೆ. ಒಂದೊಂದೇ ಇದ್ದರೆ ಹಳೆ ಸ್ಪ್ರಿಂಗಿಗಿಂತ ಅಷ್ಟೇನೂ ಮೇಲಲ್ಲ. ಎರಡೂ ಸೇರಿದಾಗಲೇ ನಿಜವಾದ ವ್ಯತ್ಯಾಸ. ಹಿಯರಿಂಗ್ ವಿಡಿಯೋದಲ್ಲೇ ಆಯಿತು, ಇಪ್ಪತ್ತು ನಿಮಿಷ. ಡಾಕ್ಟರ ಹಿಡಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ಅಧಿಕಾರಿ ಕೇಳಿದರು. ನಾನು ಟೂಲನ್ನು ಕ್ಯಾಮೆರಾ ಮುಂದೆ ಹಿಡಿದು ತುದಿಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿದೆ. ಟಕ್, ಟಕ್. "ಸರ್, ಅಲ್ಲಿ ಡಾಕ್ಟರ ಬೆರಳಿಗೆ ಗೊತ್ತಾಗುತ್ತೆ, ಇಲ್ಲಿ ಕ್ಲಚ್ಚಿಗೆ ಗೊತ್ತಾಗುತ್ತೆ" ಅಂದೆ. ಕ್ಲೇಮ್ 14ರಿಂದ 6ಕ್ಕೆ ಇಳಿಸಿ ಹದಿನೈದು ದಿನದೊಳಗೆ ಬರೆದು ಕಳಿಸಿದೆ. ಕೊಟ್ಟರು. ಬಾಕಿ ಇದ್ದ ಮೂರನೇ, ನಾಲ್ಕನೇ ವರ್ಷದ ಫೀಸು 800ರಂತೆ 1,600 ಕಟ್ಟಿದೆ.

ಒಂದು ಪೀಸಿಗೆ ನನಗೆ ಬೀಳುವುದು ಸುಮಾರು 1,900, ಮಾರುವುದು 4,500. ನೂರಾ ಮೂವತ್ತರ ಹತ್ತಿರ ಹೋಗಿದೆ. ಟೈಲ್ಸಿನ ದುಡ್ಡು ಸೇರಿಸಿ ಎಲ್ಲ ವಾಪಸ್ ಬಂತು.

ಹೋದ ವರ್ಷ ಚಿಕ್ಕಪೇಟೆಯ ಅಂಗಡಿಯೊಂದರಲ್ಲಿ ಇದೇ ಟೂಲು ಕೆಂಪು ಹಿಡಿ ಹಾಕಿಕೊಂಡು 2,200ಕ್ಕೆ ನೇತಾಡುತ್ತಿತ್ತು. ಒಂದು ಕೊಂಡು ತಂದು ಬಿಚ್ಚಿದೆ. ಕ್ಲಚ್ ನನ್ನದೇ, ಬಾಗಿದ ತುದಿ ನನ್ನದೇ. ಮಧ್ಯೆ ಮಾತ್ರ ಗ್ಲಾಸ್ ರಾಡ್. ಯೂಟ್ಯೂಬ್ ನೋಡಿಯೇ ಮಾಡಿದ್ದಾರೆ. ನನ್ನ ಕ್ಲೇಮಿನಲ್ಲಿ ಇರುವುದು ಸ್ಟೀಲ್ ವೈರ್, ಏನೂ ಮಾಡುವ ಹಾಗಿಲ್ಲ.

ಆದರೆ ಗ್ಲಾಸ್ ರಾಡ್ ಸಿಮೆಂಟಿಗೆ ಉಜ್ಜಿ ಉಜ್ಜಿ ಒರಟಾಗುತ್ತದೆ, ಜಾರಿಸುವ ಪುಡಿ ಹಾಕದೆ ನಾಲ್ಕನೇ ಬೆಂಡು ದಾಟಲ್ಲ. ಆ ಪುಡಿ ನಾನು ಮಾಡುತ್ತೇನೆ. ಅರ್ಜಿ ಹಾಕಿದ ಮೇಲೆ ಹೊಳೆದದ್ದು, ಹಾಗಾಗಿ ಯಾವ ಕಾಗದದಲ್ಲೂ ಇಲ್ಲ. ಟಾಲ್ಕಂ ಇದೆ ಅಂತ ಹೇಳಬಲ್ಲೆ, ಮಿಕ್ಕ ಎರಡು ಕೇಳಬೇಡಿ. ಆ ಅಂಗಡಿಯವರೇ ವಾರಕ್ಕೆ ನಲವತ್ತು ಪ್ಯಾಕೆಟ್ ತಗೊಳ್ಳುತ್ತಾರೆ. ಅವರ ಹತ್ತಿರ ಉದ್ರಿ ಇಲ್ಲ, ಕ್ಯಾಶ್.