ಹಬ್ಬದ ದಿನಕ್ಕೊಂದು ಬಿಯರ್ ಸೋಡಾ ಬ್ರೆಡ್

ಮಾರ್ಚ್ 17 ಐರ್ಲೆಂಡಿನವರಿಗೆ ಸೇಂಟ್ ಪ್ಯಾಟ್ರಿಕ್ ಹಬ್ಬ. ಆ ದಿನದ ಊಟಕ್ಕೆ ಸೋಡಾ ಬ್ರೆಡ್ ಇರಲೇಬೇಕು ಅನ್ನುವವಳು ನಾನು. ಅಡುಗೆ ಸೋಡಾದಿಂದಲೇ ಉಬ್ಬುವ ಬ್ರೆಡ್ ಇದು. ಈಸ್ಟ್ ಬೇಡ, ಹಿಟ್ಟು ಉಬ್ಬಲಿ ಅಂತ ಕಾಯುವುದೂ ಬೇಡ. ಐರ್ಲೆಂಡಿನ ಗೋಧಿ ಮೆದು, ಅದರಲ್ಲಿ ಜಿಗುಟು ಕಡಿಮೆ. ಈಸ್ಟ್ ಬ್ರೆಡ್ಡಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ, ಸೋಡಾಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹಾಗಾಗಿ 1830ರ ದಶಕದಿಂದೀಚೆಗೆ ಅಲ್ಲಿನ ಮನೆಮನೆಯಲ್ಲೂ ಈ ಬ್ರೆಡ್ ನೆಲೆಯಾಯಿತು.

ಹಬ್ಬಕ್ಕೆ ನಾನು ಇದಕ್ಕೆ ಸ್ಟೌಟ್, ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್ ಹಾಕುತ್ತೇನೆ. ಡಬ್ಲಿನ್‌ನ ಗಿನ್ನೆಸ್ ಆದರೆ ಚೆನ್ನ. ಹಾಪ್ಸ್, ಅಂದರೆ ಬಿಯರ್‌ಗೆ ಕಹಿ ಕೊಡುವ ಹೂ, ಜಾಸ್ತಿ ಇರುವ ಕಹಿ ಬಿಯರ್ ಮಾತ್ರ ಬೇಡ. ಬೆಂದ ಮೇಲೆ ಆ ಕಹಿಯೇ ನಾಲಿಗೆಯಲ್ಲಿ ಉಳಿಯುತ್ತದೆ.

ಇಲ್ಲೊಂದು ಲೆಕ್ಕ ಇದೆ, ದಯವಿಟ್ಟು ಗಮನ ಕೊಡಿ. ಅಡುಗೆ ಸೋಡಾ ಕೆಲಸ ಮಾಡಬೇಕಾದರೆ ಹುಳಿ ಬೇಕು. ಬಿಯರ್‌ನಲ್ಲಿ ಹುಳಿ ಇದೆ, ಆದರೆ ಸಾಲದು. ಮಜ್ಜಿಗೆ ಪೂರಾ ಬಿಟ್ಟು ಬರೀ ಬಿಯರ್ ಸುರಿದರೆ ಸೋಡಾ ಹಾಗೇ ಉಳಿದು ಬ್ರೆಡ್ ಸೋಪಿನ ರುಚಿ ಹಿಡಿಯುತ್ತದೆ. ಅದಕ್ಕೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಜ್ಜಿಗೆ, ಉಳಿದದ್ದು ಬಿಯರ್. ಸೋಡಾ ಅರ್ಧಕ್ಕೆ ಇಳಿಸಿ, ಆ ಕೊರತೆಯನ್ನು ಬೇಕಿಂಗ್ ಪೌಡರ್‌ನಿಂದ ತುಂಬಿಸಬೇಕು.

ಬೇಕಾದದ್ದು ಇಷ್ಟು: 250 ಗ್ರಾಂ ಮೈದಾ, 200 ಗ್ರಾಂ ಗೋಧಿ ಹಿಟ್ಟು, ಅರ್ಧ ಟೀ ಚಮಚ ಅಡುಗೆ ಸೋಡಾ, 2 ಟೀ ಚಮಚ ಬೇಕಿಂಗ್ ಪೌಡರ್, 1 ಟೀ ಚಮಚ ಉಪ್ಪು, ಅಷ್ಟೇ ಸಾಸಿವೆ ಪುಡಿ, ಒಂದಿಷ್ಟು ಕುಟ್ಟಿದ ಕಾಳುಮೆಣಸು, ತುರಿದ ಚೆಡ್ಡಾರ್ ಚೀಸ್ 100 ಗ್ರಾಂ, ಒಂದು ಹಿಡಿ ಹೆಚ್ಚಿದ ಈರುಳ್ಳಿ ಸೊಪ್ಪು. ಕಲಸುವುದಕ್ಕೆ 200 ಮಿಲಿ ಹುಳಿ ಬಂದ ಗಟ್ಟಿ ಮಜ್ಜಿಗೆ, 150 ಮಿಲಿ ಸ್ಟೌಟ್. ಬಿಯರ್ ಅಳೆಯುವ ಮುಂಚೆ ನೊರೆ ಪೂರ್ತಿ ಇಳಿಯಲಿ, ಇಲ್ಲದಿದ್ದರೆ ಅಳತೆ ತಪ್ಪುತ್ತದೆ.

ಮೊದಲು ಓವನ್ 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಡಿ. ಈ ಕೆಲಸ ಮುಂದಕ್ಕೆ ಹಾಕಬೇಡಿ. ಮಜ್ಜಿಗೆ ತಾಗಿದ ಕ್ಷಣದಿಂದಲೇ ಸೋಡಾ ಗುಳ್ಳೆ ಬಿಡಲು ಶುರು ಮಾಡುತ್ತದೆ. ಕಲಸಿದ ಹಿಟ್ಟು ಓವನ್‌ಗಾಗಿ ಕಾಯುತ್ತಾ ಕೂರಬಾರದು.

ಹಿಟ್ಟುಗಳನ್ನು ಸೋಡಾ, ಬೇಕಿಂಗ್ ಪೌಡರ್, ಉಪ್ಪಿನ ಜೊತೆ ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದ ಕಡೆ ಕಂದು ಚುಕ್ಕೆ ಬೀಳುತ್ತದೆ. ಸಾಸಿವೆ, ಮೆಣಸು, ಚೀಸ್, ಸೊಪ್ಪು ಬೆರೆಸಿ. ನಡುವೆ ಗುಂಡಿ ಮಾಡಿ ಮಜ್ಜಿಗೆ, ಬಿಯರ್ ಸುರಿಯಿರಿ. ಎರಡು ಚಮಚದಷ್ಟು ಮಾತ್ರ ಉಳಿಸಿಕೊಂಡಿರಿ, ಬೇಕಾದರೆ ಆಮೇಲೆ ಹಾಕಬಹುದು. ಈಗ ಬೆರಳುಗಳನ್ನು ಅಗಲಿಸಿ, ಸ್ವಲ್ಪ ಬಗ್ಗಿಸಿ, ಪಾತ್ರೆಯ ನಡುವಿನಿಂದ ಅಂಚಿನ ಕಡೆಗೆ ಸುತ್ತು ಹಾಕುತ್ತಾ ಬನ್ನಿ. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸಿ. ನಾದಬೇಡಿ! ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈಗೆ ಇದೇ ಕಷ್ಟ, ಅಲ್ವಾ? ಆದರೆ ನಾದಿದಷ್ಟೂ ಬ್ರೆಡ್ ಗಟ್ಟಿ. ಹಿಟ್ಟು ಮೆತ್ತಗೆ, ಕೈಗೆ ಸ್ವಲ್ಪ ಅಂಟುವ ಹಾಗೇ ಇರಬೇಕು.

ಹಿಟ್ಟು ಉದುರಿಸಿದ ಟ್ರೇ ಮೇಲೆ ದುಂಡಗೆ ತಟ್ಟಿ, ಸುಮಾರು ಎರಡು ಇಂಚು ದಪ್ಪ ಇರಲಿ. ಚಾಕುವಿನಿಂದ ಮೇಲೆ ಶಿಲುಬೆ ಆಕಾರದಲ್ಲಿ ಆಳವಾಗಿ ಕೊಯ್ಯಿರಿ. ಯಕ್ಷಿಣಿಯರು ಹೊರಗೆ ಹೋಗಲಿ ಅಂತ ಹಾಗೆ ಕೊಯ್ಯುತ್ತಾರೆ ಎನ್ನುವ ನಂಬಿಕೆ ಐರ್ಲೆಂಡಿನಲ್ಲಿದೆ. ನಡುಭಾಗಕ್ಕೆ ಬಿಸಿ ಮುಟ್ಟಲೂ ಅದು ಬೇಕು.

15 ನಿಮಿಷ ಬೇಯಿಸಿ, ಉರಿ 200ಕ್ಕೆ ಇಳಿಸಿ ಇನ್ನೂ 25ರಿಂದ 30 ನಿಮಿಷ ಬಿಡಿ. ತಿರುಗಿಸಿ ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಸ್ಟೌಟ್ ಬಣ್ಣ ನೋಡಿ ಬೆಂದಿದೆ ಅಂದುಕೊಳ್ಳಬೇಡಿ, ಸದ್ದನ್ನೇ ನಂಬಿ. ಮೇಲ್ಪದರ ಮೆತ್ತಗಿರಬೇಕಾದರೆ ಬಟ್ಟೆಯಲ್ಲಿ ಸುತ್ತಿ. ನನಗಂತೂ ಗರಿಗರಿಯೇ ಇಷ್ಟ, ಸುಮ್ನೆ ಜಾಲರಿ ಮೇಲೆ ಇಡುತ್ತೇನೆ. ಅರ್ಧ ಗಂಟೆ ಆರಿದ ಮೇಲೆ ಕೊಯ್ದು ಉಪ್ಪು ಬೆಣ್ಣೆ ದಪ್ಪಗೆ ಸವರಿ.

ಬೇಯಿಸಿದರೂ ಬಿಯರ್‌ನ ಆಲ್ಕೋಹಾಲ್ ಪೂರ್ತಿ ಹೋಗುವುದಿಲ್ಲ. ಮದ್ಯ ಮುಟ್ಟದವರಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ಬಡಿಸುವ ಮುಂಚೆಯೇ ಹೇಳಿಬಿಡಿ. ಅವರಿಗಾಗಿ ಬಿಯರ್ ಬಿಟ್ಟು 350 ಮಿಲಿ ಮಜ್ಜಿಗೆಯಲ್ಲೇ ಇನ್ನೊಂದು ಮಾಡಬಹುದು. ಆಗ ಸೋಡಾ ಮುಕ್ಕಾಲು ಚಮಚ, ಬೇಕಿಂಗ್ ಪೌಡರ್ 1 ಚಮಚ ಸಾಕು.