ಕೂಲರಿನ ಗರಗರ ಇಳಿಸಿದ್ದು

ರಾಯಚೂರಿನಲ್ಲಿ ಮಾರ್ಚ್ ಮುಗಿಯುವಷ್ಟರಲ್ಲಿ ಅಟ್ಟದ ಮೇಲಿನ ಕೂಲರ್‌ಗಳೆಲ್ಲ ಕೆಳಗಿಳಿಯುತ್ತವೆ. ಬಿಸಿಲು 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಹಾಕಿಕೊಂಡು ಮಲಗೋದು ಆಗದ ಮಾತು. ಇಲ್ಲಿನ ಗಾಳಿ ಒಣಗಾಳಿ, ಹಾಗಾಗಿ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇದೇ ಡಬ್ಬಿಯನ್ನು ಮಂಗಳೂರಿಗೆ ಒಯ್ದಿಟ್ಟರೆ ಮೈ ಅಂಟಂಟು ಆಗೋದು ಬಿಟ್ಟರೆ ಏನೂ ಲಾಭವಿಲ್ಲ.

ನಮ್ಮದು ಊರಲ್ಲೇ ಮಾಡಿಸಿದ ತಗಡಿನ ಕೂಲರ್. ಮಲಗುವ ಕೋಣೆಯ ಕಿಟಕಿಗೆ ಹೊರಗಡೆಯಿಂದ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂತಿದೆ. ಒಳಗೆ 18 ಇಂಚಿನ ಫ್ಯಾನು, ಮೂರು ಕಡೆ ಹುಲ್ಲಿನ ಪ್ಯಾಡು. ತಂಪಿಗೇನೂ ಮೋಸವಿಲ್ಲ, ಸದ್ದು ಮಾತ್ರ ವಿಪರೀತ. ಪಕ್ಕದ ಮನೆ ಅಕ್ಕ ಒಂದಿನ ಕಾಂಪೌಂಡ್ ಆಚೆಯಿಂದ, “ಅಣ್ಣಾರ, ನಿಮ್ಮ ಕೂಲರ್ ಬಂದ್ ಆದ್ರನ ನಮಗ ನಿದ್ದಿ ಹತ್ತತದ ನೋಡ್ರಿ” ಅಂದರು. ನಗುತ್ತಲೇ ಅಂದರು, ಆದರೂ ನಾಟಿತು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮೀರಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಮ್ಮ ಓಣಿಯಲ್ಲಿ ಮೇ ತಿಂಗಳ ರಾತ್ರಿ ಆ ಲೆಕ್ಕ ಹಿಡಿದು ಕೂತರೆ ಎಲ್ಲರೂ ಸಿಕ್ಕಿಬೀಳುತ್ತಾರೆ, ಆ ಮಾತು ಬೇರೆ.

ಕೂಲರ್ ಸದ್ದು ಅಂತ ನಾವು ಒಂದೇ ಹೆಸರಿಟ್ಟು ಬೈಯುತ್ತೇವೆ. ಅದರಲ್ಲಿ ನಾಲ್ಕೈದು ಸದ್ದು ಕಲಸಿಕೊಂಡಿರುತ್ತವೆ. ಮೊದಲು ಅವನ್ನು ಬಿಡಿಸಬೇಕು. ನಾನು ಪಂಪ್ ಒಂದನ್ನೇ ಹಾಕಿ ಕೇಳಿದೆ. ಆಮೇಲೆ ಪಂಪ್ ಬಂದ್ ಮಾಡಿ ಫ್ಯಾನ್ ಒಂದನ್ನೇ. ಆಮೇಲೆ ಮುಂದಿನ ಪಟ್ಟಿ ಆಡಿಸುವ ಸ್ವಿಂಗ್. ಇಷ್ಟಕ್ಕೇ ಅರ್ಧ ಗೊತ್ತಾಗುತ್ತದೆ.

ಇನ್ನರ್ಧಕ್ಕೆ ಒಂದು ಉಪಾಯವಿದೆ. ಫ್ಯಾನ್ ಫುಲ್ ಸ್ಪೀಡಲ್ಲಿ ಓಡುವಾಗ ಸ್ವಿಚ್ ಆರಿಸಿ, ಕಿವಿಗೊಟ್ಟು ಕೇಳಿ. ರೆಕ್ಕೆ ಇನ್ನೂ ತಿರುಗುತ್ತಿರುವಾಗಲೇ ಸದ್ದು ಟಕ್ಕನೆ ನಿಂತರೆ ಅದು ಕರೆಂಟಿನ ಸದ್ದು. ರೆಕ್ಕೆ ನಿಧಾನವಾದ ಹಾಗೆ ಸದ್ದೂ ಇಳಿಯುತ್ತಾ ಹೋದರೆ ಅದು ರೆಕ್ಕೆಯದು, ಮೋಟರಿನ ಶಾಫ್ಟನ್ನು ಹಿಡಿದಿರುವ ಲೋಹದ ಬಳೆಯಾದ ಬುಷ್‌ನದು ಅಥವಾ ಗಾಳಿಯದು. ನಿಲ್ಲೋ ದಾರಿಯಲ್ಲಿ ಯಾವುದೋ ಒಂದು ವೇಗ ಬಂದಾಗ ಮಾತ್ರ ಗಡಗಡ ಅಂದು ಸುಮ್ಮನಾದರೆ, ಎಲ್ಲೋ ತಗಡು ಸಡಿಲಾಗಿದೆ ಅಂತ ಅರ್ಥ. ನಮ್ಮ ಕೂಲರಿನಲ್ಲಿ ಮೂರೂ ಇದ್ದವು.

ಕರೆಂಟಿನ ಗುಂಯ್ ಬರುತ್ತಿದ್ದದ್ದು ರೆಗ್ಯುಲೇಟರಿನಿಂದ. ನಮ್ಮ ಸಪ್ಲೈ 50 ಹರ್ಟ್ಜ್, ಮೋಟರಿನ ಒಳಗಿನ ಕಬ್ಬಿಣ ಅದರ ಎರಡರಷ್ಟು, ಅಂದರೆ ಸೆಕೆಂಡಿಗೆ 100 ಸಲ ನಡುಗುತ್ತದೆ. ಅದು ಸಣ್ಣ ಸದ್ದು, ಇದ್ದೇ ಇರುತ್ತದೆ. ಆದರೆ ಗೋಡೆಯ ಮೇಲೆ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುವುದರಿಂದ ಸ್ಪೀಡ್ ಕಮ್ಮಿ ಮಾಡಿದಷ್ಟೂ ಗುಂಯ್ ಜಾಸ್ತಿ. ಅದನ್ನು ತೆಗೆದು, ಮೋಟರಿನಿಂದ ಬರುವ ಮೂರು ಸ್ಪೀಡಿನ ವೈರುಗಳನ್ನು ಸೀದಾ ಸ್ವಿಚ್ಚಿಗೆ ಕೊಡಿಸಿದೆ. ಗುಂಯ್ ಹೋಯಿತು.

ಡಬ್ಬಿ ಬಿಚ್ಚುವ ಮುಂಚೆ ಒಂದು ಮಾತು. ನೀರು, ತಗಡು, ಕರೆಂಟು ಮೂರೂ ಒಂದೇ ಕಡೆ ಇರುವ ಸಾಮಾನು ಇದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಅರ್ಥಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಕೊಳ್ಳಿ. ಅರ್ಥಿಂಗ್ ಇಲ್ಲದ ತಗಡಿನ ಕೂಲರನ್ನು ಮಕ್ಕಳಿರುವ ಮನೆಯಲ್ಲಿ ಓಡಿಸಲೇಬಾರದು.

ಈಗ ರೆಕ್ಕೆ. ನಮ್ಮದು ಬೋರಿನ ನೀರು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಹನಿ ಸಿಡಿದು ಸಿಡಿದು ರೆಕ್ಕೆಯ ಬೆನ್ನಿಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂತಿತ್ತು, ಒಂದು ರೆಕ್ಕೆಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಪ್ಲಗ್ ಕಿತ್ತು ಕೈಯಿಂದ ಮೆಲ್ಲಗೆ ತಿರುಗಿಸಿ ಬಿಟ್ಟರೆ ಪ್ರತಿಸಲವೂ ಅದೇ ರೆಕ್ಕೆ ಕೆಳಗೆ ಬಂದು ನಿಲ್ಲುತ್ತಿತ್ತು. ಭಾರ ಅಲ್ಲಿದೆ ಅಂತಾಯ್ತಲ್ವಾ? ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಲ್ಲಿ ಕದಡಿ, ಬಟ್ಟೆ ಅದ್ದಿ ರೆಕ್ಕೆಗೆ ಸುತ್ತಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ಉಜ್ಜಿದರೆ ಪದರ ಪದರವಾಗಿ ಬಂತು. ಚಾಕುವಿನಿಂದ ಕೆರೆಯಬೇಡಿ, ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ. ಆಮೇಲೆ ಫ್ರೇಮಿಗೆ ಒಂದು ಪೆನ್ಸಿಲ್ ಆನಿಸಿ ಹಿಡಿದು, ಒಂದೊಂದೇ ರೆಕ್ಕೆಯ ತುದಿ ಅದರ ಮುಂದೆ ಹಾಯಿಸಿ ನೋಡಿದೆ. ಒಂದು ತುದಿ ಮುಂದೆ ಬಾಗಿತ್ತು. ಕೈಯಲ್ಲೇ ಮೆಲ್ಲಗೆ ಒತ್ತಿ ಸಾಲಿಗೆ ತಂದೆ. ಒಳಗಿನ ಧಡಧಡ ಅಲ್ಲಿಗೆ ಮುಗಿಯಿತು.

ಬುಷ್ ನೋಡುವುದು ಸುಲಭ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕಟಕ ಅಂದರೆ ಎಣ್ಣೆಯಿಂದ ಸರಿಯಾಗುವುದಿಲ್ಲ, ವೈಂಡಿಂಗ್ ಅಂಗಡಿಗೆ ಒಯ್ದು ಬುಷ್ ಬದಲಿಸಬೇಕು. ನಮ್ಮದು ಗಟ್ಟಿಯಿತ್ತು, ಮಶಿನ್ ಎಣ್ಣೆ ಎರಡು ಹನಿ ಸಾಕಾಯಿತು. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು ಧೂಳು ಸೇರಿ ಅಂಟಾಗುತ್ತದೆ, ಬೇಡ.

ಪಂಪಿನ ಸದ್ದಿಗೆ ಕಾರಣ ಎರಡು. ನೀರು ಕಮ್ಮಿಯಾದಾಗ ಗಾಳಿ ಎಳೆದುಕೊಂಡು ಗೊರಗೊರ ಅನ್ನುತ್ತದೆ. ಟ್ಯಾಂಕಿನ ನೀರಿನ ಮಟ್ಟ ಕಾಯುವ ತೇಲುಗುಂಡು, ಅಂದರೆ ಫ್ಲೋಟ್, ಸ್ವಲ್ಪ ಮೇಲೆತ್ತಿ ಕಟ್ಟಿದರೆ ಅದು ನಿಂತಿತು. ಇನ್ನೊಂದು, ಪಂಪಿನ ಕೆಳಗಿನ ರಬ್ಬರ್ ಕಾಲು ಗಡುಸಾಗಿ ಪಂಪು ನೇರ ತಗಡಿಗೆ ತಾಗುತ್ತಿತ್ತು. ಸೈಕಲ್ ಟ್ಯೂಬ್ ಮಡಿಚಿ ಕೆಳಗೆ ಕೊಟ್ಟೆ. ಪಂಪಿನ ಒಳಗಿನ ಪುಟ್ಟ ಚಕ್ರಕ್ಕೆ ಹುಲ್ಲಿನ ಎಳೆ ಸುತ್ತಿಕೊಂಡಿದ್ದವು, ಅದನ್ನೂ ಬಿಡಿಸಿದೆ.

ತಗಡಿನ ಕೆಲಸಕ್ಕೆ ತಾಳ್ಮೆ ಬೇಕು. ಕೂಲರ್ ಓಡುವಾಗ ಹೊರಗಿನ ಒಂದೊಂದೇ ತಗಡನ್ನು ಒಣಗಿದ ಕಟ್ಟಿಗೆಯಿಂದ ಒತ್ತಿ ನೋಡಿ. ಎಲ್ಲಿ ಒತ್ತಿದರೆ ಸದ್ದು ತಗ್ಗುತ್ತದೋ ಅದೇ ಕಳ್ಳ. ಆ ಸ್ಕ್ರೂಗಳ ಕೆಳಗೆ ಟ್ಯೂಬ್ ಕತ್ತರಿಸಿದ ವಾಷರ್ ಹಾಕಿದೆ. ಹಿಂಬದಿಯ ಅಗಲ ತಗಡಿಗೆ ಕಾರಿನ ಬಾಗಿಲ ಒಳಗೆ ಅಂಟಿಸುವ ಡಾಂಬರ್ ಶೀಟು ಅಂಟಿಸಿದೆ, ಕಾರ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬೆರಳಲ್ಲಿ ಕುಟ್ಟಿದರೆ ಮೊದಲು ಠಣ್ ಅನ್ನುತ್ತಿದ್ದ ತಗಡು ಈಗ ಧಬ್ ಅನ್ನುತ್ತದೆ. ಡಬ್ಬಿ ಕಿಟಕಿಯ ಸರಳಿಗೆ ತಾಗುತ್ತಿದ್ದರೆ ಮಾಡಿದ್ದೆಲ್ಲ ದಂಡ, ನಡುಕ ಸೀದಾ ಗೋಡೆಗೆ ಹೋಗುತ್ತದೆ. ಬೆರಳಗಲ ಜಾಗ ಬಿಟ್ಟು ಫೋಮ್ ತುಂಬಿದೆ, ಸ್ಟ್ಯಾಂಡಿನ ಕಾಲಿಗೂ ರಬ್ಬರ್ ಕೊಟ್ಟೆ.

ಇಷ್ಟಾದ ಮೇಲೂ ಉಳಿದದ್ದು ಗಾಳಿಯದೇ ಭೋರ್ ಸದ್ದು. ಜನ ಇಲ್ಲಿಯೇ ಸುತ್ತಲೂ ಹಲಗೆ, ಥರ್ಮಾಕೋಲ್ ಕಟ್ಟುತ್ತಾರೆ. ಅದು ಉಲ್ಟಾ ಕೆಲಸ. ಗಾಳಿಗೆ ದಾರಿ ಕಮ್ಮಿಯಾದಷ್ಟೂ ಫ್ಯಾನು ತಿಣುಕುತ್ತದೆ, ಸದ್ದು ಏರುತ್ತದೆ, ತಂಪೂ ಇಳಿಯುತ್ತದೆ. ಉಪ್ಪು ಕಟ್ಟಿದ ಹಳೇ ಪ್ಯಾಡು ಕಿತ್ತು ಹೊಸದು ಹಾಕಿಸಿದೆ. ಎದುರಿನ ಕಿಟಕಿ ಸ್ವಲ್ಪ ತೆರೆದಿಟ್ಟೆ. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಾಕುವವರು ಇನ್ನೂ ಇದ್ದಾರೆ. ಒಳಗೆ ಬಂದ ಗಾಳಿ ಹೊರಗೆ ಹೋಗದಿದ್ದರೆ ಹೊಸ ಗಾಳಿ ಬರೋದಾದರೂ ಹೇಗೆ?

ಕೊನೆಗೆ ಮೋಟರನ್ನೇ ಬದಲಿಸಿದೆ. ಹಳೆಯದು ನಿಮಿಷಕ್ಕೆ 1400 ಸುತ್ತಿನದು, ಹೊಸದು 900ರದು. ಫ್ಯಾನಿನ ಸದ್ದು ವೇಗದ ಜೊತೆ ಸಮಸಮ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. 1400ರಿಂದ 900ಕ್ಕೆ ಬಂದರೆ ಲೆಕ್ಕದ ಪ್ರಕಾರ ಹೆಚ್ಚುಕಡಿಮೆ 10 ಡೆಸಿಬಲ್ ಕಮ್ಮಿ, ಅಂದರೆ ಕಿವಿಗೆ ಅರ್ಧದಷ್ಟೇ ಕೇಳುತ್ತದೆ. ಗಾಳಿ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು, ಅದು ನಿಜ. ಮಧ್ಯಾಹ್ನ ಎರಡು ಗಂಟೆಗೆ ಹಾಲ್‌ನಲ್ಲಿ ಅದು ಸಾಲುತ್ತಿರಲಿಲ್ಲ. ರಾತ್ರಿ ಹತ್ತಡಿ ಕೋಣೆಗೆ ಧಾರಾಳ ಸಾಕು. ಫೋನಿನ ಡೆಸಿಬಲ್ ಆ್ಯಪ್ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ, ಆದರೆ ಒಂದೇ ಜಾಗದಲ್ಲಿಟ್ಟು ಮುಂಚೆ, ಆಮೇಲೆ ಅಂತ ಹೋಲಿಸಲು ಬರುತ್ತದೆ.

ಈಗ ವಾರಕ್ಕೊಮ್ಮೆ ಟ್ಯಾಂಕಿನ ನೀರೆಲ್ಲ ಚೆಲ್ಲಿ ಹೊಸ ನೀರು ತುಂಬುತ್ತೇನೆ. ಬರೀ ಮೇಲಿಂದ ನೀರು ಸೇರಿಸುತ್ತಾ ಹೋದರೆ ಉಪ್ಪು ದಿನದಿನಕ್ಕೆ ಗಟ್ಟಿಯಾಗಿ ಮತ್ತೆ ರೆಕ್ಕೆಗೆ, ಪ್ಯಾಡಿಗೆ ಹತ್ತುತ್ತದೆ. ಚೆಲ್ಲಿದ ನೀರನ್ನು ಗಿಡಕ್ಕೆ ಹಾಕಬೇಡಿ, ಬಚ್ಚಲು ತೊಳೆಯಲು ಬಳಸಿ.